'ಬಂತು' ಎಂದವರಲ್ಲಿ ನಾನೂ ಒಬ್ಬಳು

ನಮ್ಮ ಮಾಲೀಕರು ಈ ಕತೆಯನ್ನು ಹೇಳುವುದು ಹೀಗೆ: "ಓಡೋ ಬಸ್ಸಲ್ಲಿ ಡ್ರೈವರ್‌ನ ಬದಲಾಯಿಸಿದ್ವಿ. ಒಳಗೆ ಕೂತಿದ್ದೋರಿಗೆ ಗೊತ್ತೇ ಆಗ್ಲಿಲ್ಲ. ಒಂದು ನಿಮಿಷ, ಒಂದೇ ಒಂದು ನಿಮಿಷ ಕೂಡ ಯಾವ ವೆಬ್‌ಸೈಟೂ ನಿಲ್ಲಲಿಲ್ಲ." ಬಸವನಗುಡಿಯ ಸಣ್ಣ ಉದ್ಯಮಿಗಳ ಭಾನುವಾರದ ಸಭೆಯಲ್ಲಿ ಅವರು ಇದನ್ನು ಹೇಳಿದಾಗ ಕೇಳುವವರು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ತಲೆದೂಗುತ್ತಾರೆ. ಕೆಲವರು ತಮ್ಮ ಸೈಟನ್ನೂ ಇವರಿಗೇ ಕೊಡುವ ಮನಸ್ಸು ಮಾಡುತ್ತಾರೆ.

ಈ ಮಾತಿನಲ್ಲಿ ಸುಳ್ಳಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಯ ಮೈಕಿನ ಮುಂದೆ ನಿಂತವಳು ನಾನು. ಸುಳ್ಳು ಹೇಳುವ ಎದುರಾಳಿಯನ್ನು ಎರಡು ನಿಮಿಷದಲ್ಲಿ ಕೂರಿಸಬಹುದು. ನಿಜವನ್ನೇ ಹೇಳಿ, ಹೇಳಬೇಕಾದದ್ದನ್ನು ಬಿಟ್ಟು ಕೆಳಗಿಳಿಯುವವನನ್ನು ಹಿಡಿಯುವುದು ಕಷ್ಟ. ಅವನಿಗೆ ಚಪ್ಪಾಳೆಯೂ ಬೀಳುತ್ತದೆ. ಬಸ್ಸು ನಿಲ್ಲಲಿಲ್ಲ, ಒಪ್ಪಿದೆ. ನಿಲ್ಲದ ಆ ಬಸ್ಸಿಗೆ ಯಾರು ಹತ್ತಿದರು, ಯಾರನ್ನು ಹುಡುಕಿಕೊಂಡು ಹತ್ತಿದರು ಎನ್ನುವುದನ್ನು ಅವರು ಹೇಳುವುದಿಲ್ಲ. ಹಾಗಾಗಿ ನಾನು ಹೇಳುತ್ತೇನೆ.

ಆಫೀಸು ಚಾಮರಾಜಪೇಟೆಯಲ್ಲಿ, ಒಂದು ಊದುಬತ್ತಿ ಅಂಗಡಿಯ ಮೇಲಿನ ಮಹಡಿ. ನಾವು ಐದು ಜನ: ಮಾಲೀಕರು, ಹನ್ನೊಂದು ವರ್ಷದಿಂದ ಅಲ್ಲೇ ಇದ್ದ ಒಬ್ಬ ಸೀನಿಯರ್, ಫೋನು ಎತ್ತುವ ಇಬ್ಬರು, ಮತ್ತು ನಾನು. ಸುತ್ತಲಿನ ಪೇಟೆ-ಬಡಾವಣೆಗಳ ಸಣ್ಣ ಸಂಸ್ಥೆಗಳ ವೆಬ್‌ಸೈಟುಗಳನ್ನು ಒಂದೇ ಸರ್ವರಿನಲ್ಲಿ ಇಟ್ಟು ನೋಡಿಕೊಳ್ಳುವುದು ನಮ್ಮ ಕೆಲಸ. ಮಾವಳ್ಳಿಯ ಹಲ್ಲಿನ ಡಾಕ್ಟರು, ಮಾಮೂಲ್‌ಪೇಟೆಯ ಪ್ಲಾಸ್ಟಿಕ್ ಡಬ್ಬಿ ವ್ಯಾಪಾರಿ, ಒಂದು ಕಲ್ಯಾಣ ಮಂಟಪ, ಒಂದು ಸಂಗೀತ ಸಭೆ, ಟ್ಯೂಷನ್ ಕೇಂದ್ರಗಳು, ಎಲ್ಲರೂ ಒಂದೇ ಯಂತ್ರದೊಳಗೆ, ಬೇರೆ ಬೇರೆ ಫೋಲ್ಡರುಗಳಲ್ಲಿ. ಸೀನಿಯರ್ ಎಂದರೆ ನಿಜವಾಗಿ ಆಫೀಸೇ ಅವರು. ಯಾವ ಸೈಟಿನ ಯಾವ ಮೂಲೆಯಲ್ಲಿ ಏನಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಅವರ ತಂದೆ ನಗರಪಾಲಿಕೆಯ ಕೆಲಸದಲ್ಲಿ ಇದ್ದವರು, ಮನೆಯಲ್ಲಿ ಬುದ್ಧನ ಪಟ. ಕೆಲಸವೆಲ್ಲ ಅವರದ್ದೇ ಆದರೂ ಆ ಭಾನುವಾರದ ಸಭೆಗೆ ಮಾಲೀಕರು ಅವರನ್ನು ಒಮ್ಮೆಯೂ ಕರೆದುಕೊಂಡು ಹೋದದ್ದನ್ನು ನಾನು ಕಾಣೆ. ನಾನು ಅವರನ್ನು 'ಗುರುಗಳೇ' ಎನ್ನುತ್ತಿದ್ದೆ, ಅರ್ಧ ತಮಾಷೆ, ಅರ್ಧ ನಿಜ. ಅವರು ನನ್ನನ್ನು 'ಲಾಯರಮ್ಮ' ಎನ್ನುತ್ತಿದ್ದರು, ಪೂರ್ತಿ ತಮಾಷೆ.

ನಾನು ಇದ್ದದ್ದು ತ್ಯಾಗರಾಜನಗರದ ಒಂದು ಲೇಡೀಸ್ ಹಾಸ್ಟೆಲಿನಲ್ಲಿ. ಅದರ ಸೈಟೂ ನಮ್ಮ ಸರ್ವರಿನಲ್ಲೇ ಇತ್ತು, ತಂದುಕೊಟ್ಟವಳು ನಾನು. ನನ್ನ ರೂಮಿನಲ್ಲಿ ಇದ್ದವಳು ನನಗಿಂತ ಎರಡು ವರ್ಷ ದೊಡ್ಡವಳು, ಲ್ಯಾಬ್ ಟೆಕ್ನಿಷಿಯನ್. ಕಡಿಮೆ ಮಾತು. ನನ್ನ ಹತ್ತು ವಾಕ್ಯಕ್ಕೆ ಅವಳದು "ಮುಗೀತಾ?" ಎಂಬ ಒಂದು ವಾಕ್ಯ.

ಅವಳು ಆ ಹಾಸ್ಟೆಲಿಗೆ ಬಂದದ್ದು ಮನೆಯವರಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದೇ ಬಂದಿದ್ದಳು. ಅವಳ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ಜಮೀನಿನ ಪಕ್ಕ ದೊಡ್ಡ ರಸ್ತೆ ಬಂದಿತ್ತು, ಲೇಔಟು ಮಾಡುವವರೂ ಬಂದಿದ್ದರು. ಮಗಳಿಗೂ ಅದರಲ್ಲಿ ಸಮಪಾಲು. ಆ ಪಾಲು ನನಗೆ ಬೇಡ ಎಂದು ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕದ ಹೊರತು ಅವಳ ಅಣ್ಣ ಮಾರುವ ಹಾಗಿರಲಿಲ್ಲ. ಮೊದಲು ಪ್ರೀತಿಯಿಂದ ಕೇಳಿದ, ಆಮೇಲೆ ಮಾವಂದಿರನ್ನು ಕರೆಸಿ ಕೇಳಿಸಿದ, ಆಮೇಲೆ ಅವಳ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತ. ಅವಳು ಕೆಲಸ ಬದಲಾಯಿಸಿದಳು, ನಂಬರು ಬದಲಾಯಿಸಿದಳು. ಅವಳ ವಕೀಲರು ಹೇಳಿದ್ದಿಷ್ಟು: ಕೋರ್ಟಿನಿಂದ ತಡೆಯಾಜ್ಞೆ ತರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಎಲ್ಲಿದ್ದೀರಿ ಅಂತ ಯಾರಿಗೂ ಹೇಳಬೇಡಿ. ಒಂದು ತಿಂಗಳು ಸಾಕು.

ಆ ತಿಂಗಳ ಮಧ್ಯದಲ್ಲಿ ನಾವು ಸರ್ವರ್ ತಂತ್ರಾಂಶ ಬದಲಾಯಿಸಿದೆವು.

ಇಲ್ಲಿ ಸ್ವಲ್ಪ ಕೆಲಸದ ಮಾತು ಹೇಳಲೇಬೇಕು. ಯಾರಾದರೂ ಫೋನಿನಲ್ಲಿ ಒಂದು ಸೈಟಿನ ವಿಳಾಸ ಒತ್ತಿದಾಗ, ಯಂತ್ರದೊಳಗಿಂದ ಆ ಪುಟವನ್ನು ಎತ್ತಿ ಕೊಡುವ ತಂತ್ರಾಂಶ ಒಂದಿರುತ್ತದೆ. ನಮ್ಮಲ್ಲಿದ್ದ ಹಳೆಯದಕ್ಕೆ ಒಂದು ಅಭ್ಯಾಸವಿತ್ತು: ಪ್ರತಿ ಫೋಲ್ಡರಿಗೆ ಕಾಲಿಡುವ ಮುಂಚೆ ಅಲ್ಲಿ ಏನಾದರೂ ಚೀಟಿ ಇದೆಯೇ ಎಂದು ನೋಡುತ್ತಿತ್ತು. 'ಪಾಸ್‌ವರ್ಡ್ ಕೇಳದೆ ಯಾರನ್ನೂ ಒಳಗೆ ಬಿಡಬೇಡ' ಎಂಬ ಚೀಟಿಯಿದ್ದರೆ ಕೇಳುತ್ತಿತ್ತು. ಹೊಸದು ಬಹಳ ಚುರುಕು. ಚುರುಕಾಗಿರುವ ಒಂದು ಕಾರಣ, ಅದು ಈ ಚೀಟಿಗಳ ಕಡೆ ತಿರುಗಿಯೂ ನೋಡುವುದಿಲ್ಲ. ನಿಯಮಗಳನ್ನೆಲ್ಲ ಮೊದಲೇ ಒಂದು ಕಡೆ ಬರೆದುಕೊಟ್ಟರೆ ಪಾಲಿಸುತ್ತದೆ; ಕೊಡದಿದ್ದರೆ ಬಾಗಿಲು ತೆರೆದೇ ಇರುತ್ತದೆ. ಆದ್ದರಿಂದ ಬದಲಾಯಿಸುವ ಮುಂಚೆ ಹಳೆಯ ಚೀಟಿಗಳನ್ನೆಲ್ಲ ಆಯ್ದು, ಹೊಸದರ ಭಾಷೆಗೆ ತಿರುಗಿಸಿ ಬರೆಯಬೇಕು.

ಹಾಸ್ಟೆಲಿನ ಒಂದು ಫೋಲ್ಡರಿನಲ್ಲಿ ಅಂಥ ಚೀಟಿ ಇತ್ತು. ಇಟ್ಟವಳು ನಾನು. ಹಾಸ್ಟೆಲ್ ನಡೆಸುವ ಆಂಟಿಗೆ ಸೇರ್ಪಡೆಯ ಫಾರಂಗಳ ಕಟ್ಟನ್ನು ಬೀರುವಿನಲ್ಲಿ ಹುಡುಕಿ ಸಾಕಾಗಿತ್ತು. "ಏನಮ್ಮಾ, ಕಂಪ್ಯೂಟರ್ ಓದಿದೀಯ, ಇದನ್ನೆಲ್ಲ ಫೋನಲ್ಲೇ ಸಿಗೋ ಹಾಗೆ ಮಾಡ್ಕೊಡು" ಎಂದಿದ್ದರು. ಮಾಡಿಕೊಟ್ಟೆ. ಫೋಟೋ, ಹೆಸರು, ಊರು, ರೂಮು ನಂಬರು, ಕೆಲಸದ ಜಾಗ, ಎಲ್ಲ ಇರುವ ಫಾರಂಗಳನ್ನು ಸ್ಕ್ಯಾನ್ ಮಾಡಿ, ಹುಡುಗಿಯರ ಹೆಸರಿನಲ್ಲೇ ಒಂದೊಂದು ಫೈಲು. ಮುಖಪುಟದ ಅಡಿಯಲ್ಲಿ 'ಆಡಳಿತಕ್ಕೆ ಮಾತ್ರ' ಎಂಬ ಸಣ್ಣ ಅಕ್ಷರದ ಲಿಂಕು. ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ರೂಮಿನವಳು ಮೊದಲು ಒಪ್ಪಲಿಲ್ಲ.

"ನಂದೊಂದು ಕಾಗದದಲ್ಲೇ ಇರ್ಲಿ ಬಿಡೇ."

"ಕಾಗದದ ಬೀರುಗೆ ಬೀಗಾನೇ ಇಲ್ಲ ಕಣೇ. ಅದಕ್ಕಿಂತ ನಮ್ಮ ಸರ್ವರು ಭದ್ರ. ವಾದ ಮಾಡ್ತೀಯಾ ನನ್ ಹತ್ರ?"

"ನಿನ್ ಹತ್ರ ಯಾರು ವಾದ ಮಾಡ್ತಾರೆ. ಹಾಕ್ಕೋ."

ಗೆದ್ದೆ. ನನ್ನ ಎಷ್ಟೋ ಗೆಲುವುಗಳು ಎದುರಿನವರು ಸುಸ್ತಾಗಿ ಬಿಟ್ಟುಕೊಟ್ಟದ್ದರಿಂದ ಬಂದವು ಎಂದು ಆಗ ನನಗೆ ಅನ್ನಿಸಿರಲಿಲ್ಲ.

ಬದಲಾವಣೆಗೆ ಮಾಲೀಕರು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ಗೊತ್ತು ಮಾಡಿದರು. ಇಂಥದ್ದನ್ನು ಯಾರೂ ಓಡಾಡದ ಹೊತ್ತಿನಲ್ಲಿ ಮಾಡುವುದು ಎಲ್ಲ ಕಡೆಯ ಪದ್ಧತಿ. ಸೀನಿಯರ್ ಅದನ್ನೇ ಹೇಳಿದರು. ಮಾಲೀಕರು ನಕ್ಕರು. "ಯಾರೂ ನೋಡದೇ ಇರೋವಾಗ ಮಾಡಿದ್ರೆ ಅದರಲ್ಲಿ ಏನ್ರೀ ಇದೆ? ಎಲ್ಲಾರೂ ನೋಡ್ತಿರೋವಾಗ ಮಾಡ್ಬೇಕು, ಆಗ ಹೇಳ್ಕೊಳ್ಳೋಕೆ ಆಗುತ್ತೆ." ಆ ದಿನಕ್ಕಿಂತ ಮುಂಚೆಯೇ ಭಾನುವಾರದ ಭಾಷಣ ಅವರ ತಲೆಯಲ್ಲಿ ತಯಾರಾಗಿತ್ತು ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಆಫೀಸಿನಲ್ಲಿ ಏನೇ ದೊಡ್ಡ ಬದಲಾವಣೆ ಮಾಡಿದರೂ ಪರೀಕ್ಷಿಸುವ ಕ್ರಮ ಒಂದೇ: ಹಾಜರಿ. ಮಾಲೀಕರು ಪಟ್ಟಿ ಹಿಡಿದು ಒಂದೊಂದೇ ಸೈಟಿನ ಹೆಸರು ಕೂಗುವುದು, ನಾವು ನಮ್ಮ ನಮ್ಮ ಫೋನುಗಳಲ್ಲಿ ತೆರೆದು ನೋಡಿ 'ಬಂತು' ಎನ್ನುವುದು. ಶಾಲೆಯಲ್ಲಿ 'ಹಾಜರ್' ಎಂದ ಹಾಗೆ. ಬರದಿದ್ದರೆ ಸೀನಿಯರ್ ಸರಿಮಾಡುವುದು. ಎಲ್ಲದರ ಪಕ್ಕವೂ ಗುರುತು ಬಿದ್ದ ಮೇಲೆ ಕೆಳಗಿನ ಹೋಟೆಲಿನಿಂದ ಮಸಾಲೆ ವಡೆ.

ಸೀನಿಯರ್ ಹಳೆಯದನ್ನು ನಿಲ್ಲಿಸಿ ಹೊಸದನ್ನು ಎಬ್ಬಿಸಿದ್ದು ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ. ಹಾಜರಿ ಶುರುವಾಯಿತು.

"ಮಂಟಪ?"

"ಬಂತು."

"ಹಲ್ಲು?"

"ಬಂತು ಸರ್. ಕಿಸ್ಕೊಂಡು ಬಂತು."

"ತಮಾಷೆ ಆಮೇಲೆ. ಡಬ್ಬಿ?"

"ತಿರುಗ್ತಿದೆ ಸರ್... ತಿರುಗ್ತಿದೆ... ಹಾಂ, ಬಂತು."

"ಹಾಸ್ಟೆಲ್?"

ಅದು ನನ್ನ ಪಾಲಿನದು. ಮುಖಪುಟ ತೆರೆಯಿತು. ಗೇಟಿನ ಫೋಟೋ, ತುಳಸಿ ಕಟ್ಟೆ, 'ಮನೆಯಂಥ ಊಟ'. "ಬಂತು" ಎಂದೆ. ಕೆಳಗೆ ಸರಿಸಿ ಆ ಸಣ್ಣ ಅಕ್ಷರದ ಲಿಂಕನ್ನು ಒತ್ತಿದ್ದರೆ ಇನ್ನೆರಡು ಸೆಕೆಂಡು ಹಿಡಿಯುತ್ತಿತ್ತು. ಒತ್ತಲಿಲ್ಲ. ನಮ್ಮ ಹಾಜರಿಯಲ್ಲಿ ತೆರೆಯಬೇಕಾದದ್ದು ತೆರೆಯುತ್ತದೆಯೇ ಎಂಬ ಪ್ರಶ್ನೆ ಮಾತ್ರ ಇತ್ತು. ತೆರೆಯಬಾರದ್ದು ಮುಚ್ಚಿಯೇ ಇದೆಯೇ ಎಂದು ಕೇಳುವ ಕಾಲಂ ಆ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ. ಪರೀಕ್ಷೆ ಎಂದರೆ 'ಬಂತು' ಎಂದು ಒಪ್ಪಿಕೊಂಡಿದ್ದ ಐದು ಜನ ನಾವು. ಎಲ್ಲವನ್ನೂ ಪ್ರಶ್ನಿಸುವವಳೆಂದು ಹೆಸರು ಮಾಡಿದ ನಾನೂ ಅದನ್ನು ಪ್ರಶ್ನಿಸಲಿಲ್ಲ.

ಸಂಗೀತ ಸಭೆಯ ಸರದಿ ಬಂದಾಗ ಸೀನಿಯರ್ ತಲೆ ಅಲ್ಲಾಡಿಸಿದರು. "ಮುಖಪುಟ ಬಂತು. ಕಛೇರಿ ರೆಕಾರ್ಡಿಂಗ್ ಪಟ್ಟಿ ಬರ್ತಿಲ್ಲ." ಅಷ್ಟರಲ್ಲಿ ಸಭೆಯ ಕಾರ್ಯದರ್ಶಿಯವರ ಫೋನೂ ಬಂತು. ಅವರ ದನಿ ನಮಗೆಲ್ಲ ಕೇಳುತ್ತಿತ್ತು: "ಏನ್ರೀ, ಮೂವತ್ತು ವರ್ಷದ ಹಾಡುಗಾರಿಕೆ ಎಲ್ಲಿ ಹೋಯ್ತ್ರೀ?"

ಮಾಲೀಕರು ಫೋನನ್ನು ಅಂಗೈಯಲ್ಲಿ ಮುಚ್ಚಿ, "ಬೇಗ, ಬೇಗ" ಎಂದರು.

"ಹೊಸದು ತಾನಾಗೇ ಫೈಲ್ ಪಟ್ಟಿ ತೋರ್ಸಲ್ಲ ಸರ್. ತೋರ್ಸು ಅಂತ ಹೇಳ್ಬೇಕು. ಇದೊಂದು ಸೈಟಿಗೆ ಮಾತ್ರ ಹಾಕ್ಲಾ, ಎಲ್ಲದಕ್ಕೂ ಹಾಕ್ಲಾ? ಒಂದಕ್ಕೆ ಅಂದ್ರೆ ಹತ್ತು ನಿಮಿಷ ಕೊಡಿ."

"ಎಲ್ಲದಕ್ಕೂ ಹಾಕಿ ಬಿಸಾಕ್ರೀ. ಇನ್ನೊಬ್ಬ ಫೋನ್ ಮಾಡೋದ್ರೊಳಗೆ."

ಸೀನಿಯರ್ ಒಂದು ಸಾಲು ಸೇರಿಸಿದರು. ಯಾವುದೇ ಸೈಟಿನ ಯಾವುದೇ ಫೋಲ್ಡರಿಗೆ ಯಾರೇ ಬಂದರೂ ಒಳಗಿರುವ ಫೈಲುಗಳ ಹೆಸರನ್ನು ಸಾಲಾಗಿ ತೋರಿಸು ಎನ್ನುವ ಸಾಲು. ಹಾಡುಗಳು ಬಂದವು. "ಬಂತು!" ಎಂದು ಎಲ್ಲರೂ ಒಟ್ಟಿಗೆ ಕೂಗಿದೆವು. ವಡೆ ಬಂತು. ಕಾರ್ಯದರ್ಶಿಯವರು ಮತ್ತೆ ಫೋನು ಮಾಡಿ ಹರಸಿದರು.

ಐದು ದಿನ ಏನೂ ಆಗಲಿಲ್ಲ. ಅಂದರೆ ನಮಗೆ ಏನೂ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಏಳೂವರೆಗೆ ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಗೇಟಿನ ಹೊರಗೆ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವನು ಇಸ್ತ್ರಿ ಮಾಡಿದ ಬಿಳಿ ಅಂಗಿಯವನು, ಮೂವತ್ತೈದರ ಆಸುಪಾಸು. ಗಲಾಟೆ ಮಾಡುವವನ ಮುಖವಲ್ಲ. ಗೇಟು ತೆರೆಯುವ ಮುಂಚೆ ಚಿಲಕ ತಟ್ಟಿ ಕಾದ.

ಆಂಟಿ ಹೊರಗೆ ಬಂದರು. "ಯಾರು ಬೇಕಿತ್ತು?"

"ನಮ್ಮ ತಂಗಿ ಇಲ್ಲಿದಾಳೆ. ಎರಡನೇ ಫ್ಲೋರು, ಏಳನೇ ರೂಮು. ಸ್ವಲ್ಪ ಕರೀತೀರಾ ಅಮ್ಮಾ?"

ಏಳನೆಯದು ನನ್ನ ರೂಮು. "ಹಾಗೆಲ್ಲ ಯಾರೂ ಇಲ್ಲ ಇಲ್ಲಿ" ಎಂದೆ ನಾನು, ಆಂಟಿ ಬಾಯಿ ತೆರೆಯುವ ಮುಂಚೆ.

ಅವನು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಜೇಬಿನಿಂದ ಫೋನು ತೆಗೆದು ಆಂಟಿಯ ಮುಂದೆ ಹಿಡಿದ. ಅದರಲ್ಲಿ ಅವಳ ಫಾರಂ ಇತ್ತು. ಫೋಟೋ, ಸಹಿ, ರೂಮು ನಂಬರು, ಮೂಲೆಯಲ್ಲಿ ಆಂಟಿಯದೇ ನೀಲಿ ರಬ್ಬರು ಮೊಹರು. "ನಿಮ್ಮ ಸೈಟಲ್ಲೇ ಹಾಕಿದೀರಲ್ಲಮ್ಮಾ. ಈ ಕಡೆ ಎಲ್ಲೋ ಇದಾಳೆ ಅಂತ ಗೊತ್ತಿತ್ತು. ಒಂದೊಂದೇ ಹಾಸ್ಟೆಲ್ ಸೈಟು ನೋಡ್ತಾ ಹೋದೆ. ನಿನ್ನೆ ಮಧ್ಯಾಹ್ನ ಸಿಕ್ತು. ಕೆಳಗಡೆ ಒತ್ತಿದ್ರೆ ಎಲ್ಲಾ ಹುಡುಗೀರ ಹೆಸರೂ ಸಾಲಾಗಿ ಬರುತ್ತೆ."

ನನಗೆ ಆ ಕ್ಷಣಕ್ಕೆ ಎಲ್ಲವೂ ಅರ್ಥವಾಯಿತು: ಚೀಟಿ, ಆ ಒಂದು ಸಾಲು, ಹಾಡುಗಳು, ವಡೆ. ಅರ್ಥವಾದದ್ದರಿಂದ ಏನೂ ಉಪಯೋಗವಾಗಲಿಲ್ಲ. ನಾನು ಗೊತ್ತಿದ್ದ ಒಂದೇ ಕೆಲಸ ಮಾಡಿದೆ, ವಾದಕ್ಕೆ ನಿಂತೆ.

"ಅವಳಿಗೆ ಸಮಪಾಲು ಇದೆ. ಕಾಯ್ದೆ ಏನು ಹೇಳುತ್ತೆ ಗೊತ್ತಾ ನಿಮಗೆ?"

"ಕಾಯ್ದೆ ನಂಗೂ ಗೊತ್ತು ಮೇಡಂ. ಇಲ್ಲದಿದ್ರೆ ಸಹಿ ಕೇಳ್ಕೊಂಡು ಇಲ್ಲೀವರ್ಗೂ ಯಾಕೆ ಬರ್ತಿದ್ದೆ?"

ನನ್ನ ವಾದಕ್ಕೆ ಇಷ್ಟು ಚೊಕ್ಕವಾದ ಉತ್ತರ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ.

ಅವಳು ಅಷ್ಟರಲ್ಲಿ ಕೆಳಗೆ ಬಂದಿದ್ದಳು. ಕೈಯಲ್ಲಿ ಬಾಚಣಿಗೆ, ಅರ್ಧ ಹೆಣೆದ ಜಡೆ. ಅಣ್ಣನನ್ನು ನೋಡಿ ಅವಳು ಓಡಲಿಲ್ಲ, ಕೂಗಲೂ ಇಲ್ಲ. ಅವನು ಕಾರಿನ ಕಡೆ ಕೈ ತೋರಿಸಿದ. ಹಿಂದಿನ ಸೀಟಿನಲ್ಲಿ ಅವಳ ತಾಯಿ ಕೂತಿದ್ದರು, ಸೆರಗು ಹೊದ್ದುಕೊಂಡು, ಗೇಟಿನ ಕಡೆ ನೋಡದೆ.

"ನಿನ್ನೆಯಿಂದ ಬೀಪಿ ಮಾತ್ರೆ ತಗೊಂಡಿಲ್ಲ ಅಮ್ಮ. ನೀನು ಬಂದು ಪಕ್ಕ ಕೂತ್ರೆ ತಗೋತೀನಿ ಅಂತಾಳೆ. ಹನ್ನೊಂದು ಗಂಟೆಗೆ ಸಬ್ ರಿಜಿಸ್ಟ್ರಾರ್ ಹತ್ರ ಟೈಮ್ ತಗೊಂಡಿದೀನಿ. ಆಮೇಲೆ ನೀನೆಲ್ಲಿ ಬೇಕಾದ್ರೂ ಇರು, ನಾನ್ಯಾಕೆ ಕೇಳ್ಲಿ."

"ಹೋಗ್ಬೇಡ ಕಣೇ," ಎಂದೆ. "ನಿನ್ನ ವಕೀಲರಿಗೆ ಫೋನ್ ಮಾಡ್ತೀನಿ, ಐದು ನಿಮಿಷ..."

ಅವಳು ನನ್ನ ಕಡೆ ತಿರುಗಿದಳು. "ನಿಮ್ಮ ಸರ್ವರು ಬೀರುಗಿಂತ ಭದ್ರ ಅಂದಿದ್ದೆ ಅಲ್ವಾ?"

ಅದು ಬೈಗುಳವೂ ಆಗಿರಲಿಲ್ಲ. ಖಚಿತ ಮಾಡಿಕೊಳ್ಳಲು ಕೇಳಿದಂತಿತ್ತು. ಅವಳು ಅಲ್ಲೇ ನಿಂತು ಜಡೆ ಪೂರ್ತಿ ಹೆಣೆದು, ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು, ಹೋಗಿ ತಾಯಿಯ ಪಕ್ಕ ಕೂತಳು. ಮಧ್ಯಾಹ್ನ ಮೂರಕ್ಕೆ ನನ್ನ ಫೋನಿಗೆ ಒಂದೇ ಪದ ಬಂತು: 'ಹಾಕ್ದೆ.'

ಅವತ್ತು ಬೆಳಿಗ್ಗೆ ನಾನು ಆಫೀಸಿಗೆ ಹೋದಾಗ ಮಾಲೀಕರು ಹಿಂದಿನ ದಿನದ ಸಭೆಯಲ್ಲಿ ಬಿದ್ದ ಚಪ್ಪಾಳೆಯ ಬಗ್ಗೆ ಹೇಳುತ್ತಿದ್ದರು. ನಾನು ಹಾಸ್ಟೆಲಿನ ಸೈಟು ತೆರೆದು, ಲಿಂಕು ಒತ್ತಿ, ಹುಡುಗಿಯರ ಹೆಸರುಗಳ ಪಟ್ಟಿಯನ್ನು ಅವರ ಮುಂದೆ ಹಿಡಿದೆ. ಸೀನಿಯರ್ ಕುರ್ಚಿಯಿಂದ ಎದ್ದು ಒಮ್ಮೆ ನೋಡಿದರು, ಹೋಗಿ ಎರಡು ನಿಮಿಷದಲ್ಲಿ ಅದನ್ನು ಮುಚ್ಚಿದರು. ನಡೆದದ್ದನ್ನು ನಾನು ಹೇಳಿದೆ.

ಮಾಲೀಕರು ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು: "ಸೈಟು ಡೌನ್ ಆಗಿತ್ತಾ?"

"ಇಲ್ಲ."

"ಮತ್ತೆ? ಅಂಥ ಫಾರಂಗಳನ್ನ ಸೈಟಲ್ಲಿ ಇಡಿ ಅಂತ ನಾವು ಹೇಳಿದ್ವಾ?"

"ನಾನೇ ಇಟ್ಟಿದ್ದು ಸರ್. ಪಾಸ್‌ವರ್ಡ್ ಹಾಕಿಟ್ಟಿದ್ದೆ. ಅದನ್ನ ಕಿತ್ತಿದ್ದು ನಾವು."

"ಯಾರೂ ಕಿತ್ತಿಲ್ಲಮ್ಮ. ಅದು ಬಂದಿಲ್ಲ, ಅಷ್ಟೇ."

ಆಗ ಸೀನಿಯರ್ ಮೆಲ್ಲಗೆ, ಯಾರನ್ನೂ ನೋಡದೆ ಹೇಳಿದರು. "ಮಂಗಳವಾರ ಮೇಲ್ ಹಾಕಿದ್ದೆ ಸರ್. ಪಾಸ್‌ವರ್ಡ್ ಚೀಟಿ ಹನ್ನೆರಡಿವೆ, ಇವನ್ನ ಕೈಯಲ್ಲೇ ಬರೀಬೇಕು, ಎರಡು ದಿನ ಬೇಕು ಅಂತ. ನೀವು ಉತ್ತರಕ್ಕೆ ಬರೀ ಹೆಬ್ಬೆರಳಿನ ಚಿತ್ರ ಕಳಿಸಿದ್ರಿ. ಬರಿ ಅಂತಾನೋ, ಬುಧವಾರಾನೇ ಮಾಡು ಅಂತಾನೋ ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ ಅಂದ್ರೆ ಕೇಳ್ಬೇಕು ತಾನೇ?"

"ಕೇಳ್ದೆ ಸರ್. ಬುಧವಾರ ಬೆಳಿಗ್ಗೆ. ನೀವು ವಡೆ ಆರ್ಡರ್ ಮಾಡ್ತಿದ್ರಿ. 'ಸೈಟ್ ಬರುತ್ತೆ ತಾನೇ' ಅಂದ್ರಿ."

ನಾನು ಆ ಮೇಲ್ ಹುಡುಕಿದೆ. ನನಗೂ ಬಂದಿತ್ತು. ತೆರೆದಿರಲಿಲ್ಲ. ಹನ್ನೆರಡು ಸಾಲುಗಳಲ್ಲಿ ನಾಲ್ಕನೆಯದು ಹಾಸ್ಟೆಲು.

ಎದುರಾಳಿಯ ಅತ್ಯಂತ ಬಲವಾದ ವಾದವನ್ನು ನಾವೇ ಮೊದಲು ಹೇಳಿಬಿಡಬೇಕು ಎಂದು ನನಗೆ ಕಲಿಸಿದ್ದರು. ಹೇಳುತ್ತೇನೆ: ಫಾರಂಗಳನ್ನು ಅಲ್ಲಿ ಇಟ್ಟವಳು ನಾನು, ಅವಳನ್ನು ಒಪ್ಪಿಸಿದವಳು ನಾನು, 'ಬಂತು' ಎಂದವಳು ನಾನು, ಎಚ್ಚರಿಕೆಯ ಮೇಲ್ ಓದದವಳೂ ನಾನು. ಇಷ್ಟನ್ನೂ ಅವತ್ತು ಅವರ ಮುಂದೆಯೇ ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಇನ್ನೊಬ್ಬರ ಪಾಲನ್ನು ಅಳಿಸುವುದಿಲ್ಲ ಎಂದೂ ಹೇಳಿದೆ. ಉಳಿದ ಹನ್ನೊಂದು ಫೋಲ್ಡರುಗಳ ಮಾಲೀಕರಿಗೆ ಇವತ್ತೇ ಪತ್ರ ಬರೆಯಬೇಕು ಎಂದೆ. ಹಲ್ಲಿನ ಡಾಕ್ಟರ ರೋಗಿಗಳ ವಿವರ, ಟ್ಯೂಷನ್ ಮಕ್ಕಳ ಮನೆ ವಿಳಾಸ, ಎಲ್ಲವೂ ಐದು ದಿನ ಬೀದಿಯಲ್ಲಿತ್ತು.

"ಇದು ಡಿಬೇಟ್ ಸ್ಟೇಜ್ ಅಲ್ಲಮ್ಮ," ಎಂದರು ಮಾಲೀಕರು. "ನಿನಗೆ ಸುಸ್ತಾಗಿದೆ. ನಾಳೆಯಿಂದ ಸ್ವಲ್ಪ ದಿನ ರೆಸ್ಟ್ ತಗೋ." ಸಂಜೆಯೊಳಗೆ ನನ್ನ ಸರ್ವರ್ ಲಾಗಿನ್ ತೆಗೆಸಿದ್ದರು. ಕೆಲಸದಿಂದ ತೆಗೆದರು ಎನ್ನುವ ಮಾತನ್ನು ಅವರು ಇವತ್ತಿಗೂ ಒಪ್ಪುವುದಿಲ್ಲ, ನಾನು ರೆಸ್ಟಿನಲ್ಲಿದ್ದೇನೆ.

ಅವಳು ಹಾಸ್ಟೆಲಿಗೆ ಮರಳಿದ್ದು ಮರುವಾರದ ಬುಧವಾರ, ಬಟ್ಟೆ ತುಂಬಿಕೊಳ್ಳಲು. ಮಾರನೆಯ ದಿನ ಅವಳ ಜೊತೆ ವಕೀಲರ ಬಳಿ ಹೋದೆ. ಸಹಿಯನ್ನು ರದ್ದು ಮಾಡಿಸಲು ದಾರಿಯಿದೆಯೇ ಎಂದು ಕೇಳಿದೆವು. ಅವರು ಕನ್ನಡಕ ತೆಗೆದು ಒರೆಸಿದರು. "ಬಲವಂತ ಅಂತ ಕೇಸ್ ಹಾಕ್ಬಹುದು. ಆದ್ರೆ ಆ ಕಡೆಯವರು ಏನು ಹೇಳ್ತಿದಾರೆ ಗೊತ್ತಾ? ತಂಗೀನೇ ಅಡ್ರೆಸ್ ಕೊಟ್ಟು ಕರೆಸ್ಕೊಂಡ್ಲು, ಖುಷಿಯಿಂದ ಸಹಿ ಹಾಕಿದ್ಲು ಅಂತ. ಅಡ್ರೆಸ್ ಇವರು ಕೊಟ್ಟಿದ್ದಲ್ಲ ಅನ್ನೋದಕ್ಕೆ ಏನಿದೆ?"

"ನಾನಿದ್ದೆ. ಸೈಟಲ್ಲಿ ಸಿಕ್ತು ಅಂತ ಇವಳಣ್ಣ ಹೇಳಿದ್ದು ಕೇಳಿಸ್ಕೊಂಡೆ. ಆಂಟಿ ಕೂಡ."

"ನೀವು ಫ್ರೆಂಡು. ಹಾಸ್ಟೆಲಿನೋರು ಬರ್ತಾರಾ?"

ಆಂಟಿಯನ್ನು ಆಗಲೇ ಕೇಳಿದ್ದೆ. "ನಮ್ಮನ್ನ ಕೋರ್ಟಿಗೆಲ್ಲ ಎಳೀಬೇಡಮ್ಮಾ, ಬೇರೆ ಹುಡುಗೀರ ತಂದೆ-ತಾಯಿ ಏನಂದ್ಕೋತಾರೆ" ಎಂದಿದ್ದರು. ಏನಂದುಕೊಳ್ಳಬೇಕೋ ಅದನ್ನೇ ಅಂದುಕೊಳ್ಳುತ್ತಾರೆ ಎನ್ನುವುದು ನನ್ನ ಅಭಿಪ್ರಾಯ.

ಆಗ ನನಗೆ ಹೊಳೆಯಿತು. ಸರ್ವರಿಗೆ ಬಂದು ಹೋಗುವ ಪ್ರತಿಯೊಬ್ಬರದೂ ಒಂದು ಸಾಲು ಅದರೊಳಗೇ ದಾಖಲಾಗುತ್ತದೆ: ಯಾವ ದಿನ, ಯಾವ ಗಳಿಗೆ, ಯಾವ ಸಂಪರ್ಕದಿಂದ, ಯಾವ ಫೈಲು ತೆರೆದರು. ಆ ಭಾನುವಾರ ಮಧ್ಯಾಹ್ನ ಅವಳ ಹೆಸರಿನ ಫಾರಂ ಯಾರೋ ತೆರೆದ ಸಾಲು ಅಲ್ಲಿ ಇರಲೇಬೇಕು. ವಕೀಲರು ನೆಟ್ಟಗೆ ಕೂತರು. "ಅದನ್ನ ತನ್ನಿ. ಜೊತೆಗೆ ನಿಮ್ಮ ಕಂಪನಿಯಿಂದ ಒಂದು ಪತ್ರ, ಇಂಥ ದಿನದಿಂದ ಇಂಥ ದಿನದವರೆಗೆ ಫೋಲ್ಡರು ತೆರೆದಿತ್ತು ಅಂತ. ಅಷ್ಟಿದ್ರೆ ನಿಂತ್ಕೋತೀನಿ."

ನಮ್ಮ ಸರ್ವರು ಆ ದಾಖಲೆಯನ್ನು ಎರಡು ವಾರ ಮಾತ್ರ ಇಟ್ಟುಕೊಂಡು ಆಮೇಲೆ ತಾನಾಗಿಯೇ ಅಳಿಸುತ್ತದೆ. ಆ ಭಾನುವಾರದಿಂದ ಅವತ್ತಿಗೆ ಹನ್ನೊಂದು ದಿನ ಆಗಿತ್ತು. ಮಾರನೆಯ ದಿನ, ಶುಕ್ರವಾರ, ಮಾಲೀಕರ ಎದುರಿಗೆ ಕೂತು ಎಲ್ಲ ಹೇಳಿದೆ. ಜಗಳ ಆಡಲಿಲ್ಲ. ಒಂದು ಹೆಣ್ಣಿನ ಪಾಲು ಈ ಒಂದು ಸಾಲಿನ ಮೇಲೆ ನಿಂತಿದೆ ಎಂದೆ. ದಾಖಲೆ ಭಾನುವಾರಕ್ಕೆ ಹೋಗುತ್ತದೆ, ಈಗಲೇ ಒಂದು ಪ್ರತಿ ತೆಗೆಸಿ ಸರ್ ಎಂದು ಬೇಡಿದೆ, ಹೌದು, ಬೇಡಿದೆ. ಅವರು ಕಾಫಿ ತರಿಸಿದರು. "ನಮ್ಮ ಕಡೆ ವಕೀಲರನ್ನೂ ಒಂದು ಮಾತು ಕೇಳ್ಬೇಕಮ್ಮ. ಸೋಮವಾರ ಬಾ."

ಸೋಮವಾರ ಹೋದೆ. ಮೇಜಿನ ಮೇಲೆ ಎರಡೂ ಕೈ ಇಟ್ಟು ಹೇಳಿದರು, "ಇಲ್ವಲ್ಲಮ್ಮ. ಎರಡು ವಾರಕ್ಕೆ ತಾನಾಗೇ ಹೋಗುತ್ತೆ, ನಿಂಗೇ ಗೊತ್ತು. ಇಲ್ಲದೇ ಇರೋದನ್ನ ಇತ್ತು ಅಂತ ಪತ್ರ ಹೆಂಗೆ ಕೊಡ್ಲಿ?" ದನಿಯಲ್ಲಿ ಬೇಸರವೂ ಇತ್ತು. ಬೇಸರವನ್ನು ಅಷ್ಟು ಸಲೀಸಾಗಿ ತರುವವರನ್ನು ನಾನು ವೇದಿಕೆಯ ಮೇಲೆ ಮಾತ್ರ ನೋಡಿದ್ದೆ.

ಸಂಜೆ ಆಫೀಸಿನ ಹತ್ತಿರದ ಮಕ್ಕಳ ಕೂಟದ ಬಸ್ ಸ್ಟಾಪಿನಲ್ಲಿ ಸೀನಿಯರ್‌ಗಾಗಿ ಕಾದೆ. ನನ್ನನ್ನು ಕಂಡದ್ದೇ ಅವರು ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ನನ್ನನ್ನ ಇದಕ್ಕೆ ಎಳೀಬೇಡ ಲಾಯರಮ್ಮ."

"ಎಳೀತಿಲ್ಲ ಗುರುಗಳೇ. ದಾಖಲೆ ಹೋಯ್ತು ಅಂದ್ರು ಸರ್. ನಿಜವಾ ಅಂತ ಕೇಳೋಕೆ ಬಂದೆ."

"ಹೋಗಿದೆ."

"ನಿನ್ನೇನಾ?"

ಅವರು ರಸ್ತೆಯ ಕಡೆ ನೋಡಿದರು. "ಅಳಿಸಿದ್ದು ನಾನಲ್ಲ."

"ಅಳಿಸಿದ್ರು ಅಂತ ನಾನು ಹೇಳ್ಲೇ ಇಲ್ಲ. ತಾನಾಗೇ ಹೋಯ್ತು ಅಂತ ತಾನೇ ಸರ್ ಹೇಳಿದ್ದು?"

ಅವರ ಕಿವಿ ಕೆಂಪಾಯಿತು. ಹನ್ನೊಂದು ವರ್ಷದಲ್ಲಿ ಅವರು ಎಷ್ಟು ಮಾತುಗಳನ್ನು ನುಂಗಿದ್ದರೋ, ಇದೊಂದು ಜಾರಿತ್ತು. ಅವರನ್ನು ಅಲ್ಲಿ ಹಾಗೆ ಹಿಡಿದದ್ದಕ್ಕೆ ನನಗೆ ಖುಷಿಯಾಗಲಿಲ್ಲ. ನನ್ನ ಜಗಳ ಅವರ ಜೊತೆಯಲ್ಲ. ಆದರೆ ಉಳಿದಿದ್ದವರು ಅವರೊಬ್ಬರೇ. ಬನಶಂಕರಿ ಕಡೆಯ ಬಸ್ಸು ಬಂತು, ಅವರದು. ಜನ ಇಳಿದರು. ಅವರು ಹತ್ತಲು ಹೋಗಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ನನ್ನ ಕಡೆ ತಿರುಗಿದರು. ಹಿಂದಿನವರು ಬೈಯುತ್ತಿದ್ದರು. ನಾನು ಕೇಳಿದೆ:

"ಗುರುಗಳೇ, ಅವರು ಅಳಿಸೋಕೆ ಮುಂಚೆ ನೀವು ಒಂದು ಪ್ರತಿ ತಗೊಂಡ್ರಾ, ಇಲ್ವಾ?"